ಹಸಿರು ಡಬ್ಬಿಯ ಮುಷ್ಕರ

ಫೆಬ್ರವರಿ 3, ಸೋಮವಾರ

ಮರೀಬೆಲ್‌ಳ ಮೂರು ಹಲ್ಲು ಹೋದವು. ಎರಡು ಹಿಮದಲ್ಲಿ ಸಿಕ್ಕವು. ಮೂರನೆಯದನ್ನು ಹುಡುಕಿ ಹುಡುಕಿ ನನ್ನ ಬೆರಳು ಮರಗಟ್ಟಿದವು, ಸಿಗಲಿಲ್ಲ.

ಎಲ್ಲವನ್ನೂ ಬರೆದಿಡುತ್ತೇನೆ. ಮುಂದೆ ಸಾಕ್ಷಿಗೆ ಬೇಕಾದೀತು.

ಮಧ್ಯಾಹ್ನ ಹನ್ನೆರಡೂವರೆ. ಒಂದೇ ಕೋಣೆಯವರಾದ ನಾವಿಬ್ಬರೂ ಟ್ರಾಟ್ ಆ್ಯಪಿನಲ್ಲಿ ಓಡುತ್ತಿದ್ದೆವು. ಕೋಣೆ ಬಿಟ್ಟು ಏಳಲಾರದವರು ಫೋನಿನಲ್ಲಿ ಆರ್ಡರ್ ಹಾಕುತ್ತಾರೆ. ಮೆಸ್ಸಿನಲ್ಲಿರುವ ನಮ್ಮಂಥ ಇನ್ನೊಬ್ಬ ವಿದ್ಯಾರ್ಥಿ ಅವರ ಊಟವನ್ನು ಕಾಲೇಜಿನ ಹಸಿರು ಡಬ್ಬಿಗೆ ತುಂಬಿಸಿಕೊಂಡು ಹಾಸ್ಟೆಲಿಗೆ ಓಡುತ್ತಾನೆ. ಒಂದು ಓಟಕ್ಕೆ ಮೂರು ಡಾಲರ್. ವಿದ್ಯಾರ್ಥಿಗೆ ವಿದ್ಯಾರ್ಥಿಯೇ ಆಸರೆ ಎಂದು ಜಾಹೀರಾತು. ಜನವರಿಯಿಂದ ಅದರಲ್ಲೊಂದು ಗಡಿಯಾರ ಬಂದು ಕೂತಿದೆ. ಹನ್ನೊಂದು ನಿಮಿಷ. ಮೀರಿದರೆ ಐದರಲ್ಲಿ ನಮಗೆ ಸಿಗುವ ಸ್ಟಾರ್ ಕಡಿಮೆಯಾಗುತ್ತದೆ. ಮೂರು ಸಲ ಮೀರಿದರೆ ವಾರವಿಡೀ ಆರ್ಡರ್ ಇಲ್ಲ.

ಮರೀಬೆಲ್‌ಗೆ ಒಂಬತ್ತು ನಿಮಿಷ ಆಗಿತ್ತು. ದಾರಿ ಬಿಟ್ಟು ಇಳಿಜಾರಿನಲ್ಲಿ ನುಗ್ಗಿದಳು. ಹೊಸ ಹಿಮದ ಕೆಳಗೆ ಗಾಜಿನಂಥ ಮಂಜುಗಡ್ಡೆ. ಮುಖ ಮುಂದಾಗಿ ಕಲ್ಲಿನ ಅಂಚಿಗೆ ಬಿದ್ದಳು. ಮಣಿಕಟ್ಟು ಮುರಿದ ಸದ್ದು ಇಪ್ಪತ್ತು ಹೆಜ್ಜೆ ಹಿಂದಿದ್ದ ನನಗೂ ಕೇಳಿಸಿತು. ನಾನು ಮೊದಲು ನನ್ನ ಫೋನಿನಲ್ಲಿ ಎಷ್ಟು ನಿಮಿಷ ಉಳಿದಿದೆಯೆಂದು ನೋಡಿದೆ. ಆಮೇಲೆ ಅವಳನ್ನು ನೋಡಿದೆ. ಇದನ್ನೂ ಬರೆಯಬೇಕು, ಬರೆದಿದ್ದೇನೆ.

ಆರ್ಡರ್ ಹಾಕಿದ್ದವನು ಚಪ್ಪಲಿಯಲ್ಲೇ ಇಳಿದು ಬಂದ. ಹಿಮದಲ್ಲಿ ಬಿದ್ದಿದ್ದ ಡಬ್ಬಿ ತೆರೆದು ನೋಡಿ, "ಬರ್ಗರ್ ಪರವಾಗಿಲ್ಲ, ಫ್ರೈಸ್ ಪೂರ್ತಿ ಹೋಯ್ತಲ್ಲಾ" ಎಂದ. ಆಮೇಲೆ ರಕ್ತ ಕಂಡು, "ಅಯ್ಯೋ, ನಿಂಗೇನಾಯ್ತು?" ಎಂದ.

ಆಸ್ಪತ್ರೆಯಲ್ಲಿ ನರ್ಸ್ ಅವಳ ಬಾಯಿಗೆ ಹತ್ತಿ ತುರುಕುತ್ತಿದ್ದಾಗ ಅವಳ ಫೋನ್ ಗುಂಯ್‌ಗುಟ್ಟಿತು. ಒಂದು ಸ್ಟಾರ್. 'ತಡ. ಡಬ್ಬಿ ಒದ್ದೆ.'

ಮರೀಬೆಲ್ ಹತ್ತಿಯ ಸಂದಿಯಿಂದಲೇ, "ಒಂದಾದ್ರೂ ಕೊಟ್ನಲ್ಲೇ, ಪುಣ್ಯಾತ್ಮ" ಎಂದಳು. ಅವಳು ನಕ್ಕಳು. ನನಗೆ ನಗಲಾಗಲಿಲ್ಲ.

ಫೆಬ್ರವರಿ 5

ಕೋಲ್ಟನ್ ಪ್ರೆಂಟಿಸ್‌ನನ್ನು ನೋಡಲು ಹೋಗಿದ್ದೆ. ಟ್ರಾಟ್ ಕಟ್ಟಿದವನು, ನಾಲ್ಕನೇ ವರ್ಷ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕಾಲೇಜು ಅವನಿಗೊಂದು ಕೋಣೆ ಕೊಟ್ಟಿದೆ. ಗೋಡೆಯ ತುಂಬ ನಕ್ಷೆಗಳು. ನಮ್ಮನ್ನು ಚುಕ್ಕಿಗಳನ್ನಾಗಿ ಮಾಡಿ ಅಂಟಿಸಿದ್ದಾನೆ.

"ಪಾಪ, ನಂಗೂ ಬೇಜಾರಾಯ್ತು" ಎಂದ. "ಆದ್ರೆ ಗಡಿಯಾರ ಯಾರನ್ನೂ ತಳ್ಳಿಲ್ಲ ಸಿಲ್ಯಾ. ಮಂಜುಗಡ್ಡೆ ತಳ್ತು."

"ಅವಳು ಯಾಕೆ ಇಳಿಜಾರಲ್ಲಿ ಇಳಿದ್ಳು?"

"ಅದು ಅವಳ ಇಷ್ಟ. ಓಡು ಅಂತ ನಾನು ಯಾರಿಗೂ ಹೇಳಿಲ್ಲ. ಬೇಗ ತಲುಪು ಅಂದಿದೀನಿ ಅಷ್ಟೆ."

ನಮ್ಮೂರಿನ ಹಳೆಯ ಕಾರ್ಮಿಕ ಭವನದ ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ಕರಪತ್ರಗಳಿದ್ದವು. ಅಜ್ಜನ ಕಾಲದ ಕಬ್ಬಿಣದ ಗಣಿಯವರು ಅಚ್ಚು ಹಾಕಿಸಿದ್ದು. ಹದಿನಾಲ್ಕು ತುಂಬುವುದರೊಳಗೆ ಅಷ್ಟನ್ನೂ ಓದಿ ಮುಗಿಸಿದ್ದೆ. ಗಣಿ ಕುಸಿದಾಗಲೆಲ್ಲ ಮಾಲೀಕ ಇದೇ ಮಾತು ಹೇಳುತ್ತಾನೆ: ನಾನಲ್ಲ, ಕಲ್ಲು. ಅದನ್ನು ಓದಿದಾಗ ಮುಗಿದುಹೋದ ಕಾಲದ್ದೆಂದುಕೊಂಡಿದ್ದೆ. ಅದೇ ಮಾಲೀಕ ನನ್ನೆದುರಿಗೇ ಹಾಲಿಲ್ಲದ ಕಾಫಿ ಕುಡಿಯುತ್ತ ಕೂತಿದ್ದ.

ನನ್ನ ಕೈ ಮುಷ್ಟಿಯಾಗಿತ್ತು. ಮೇಜಿನ ಕೆಳಗೆ ಇಟ್ಟುಕೊಂಡೆ. ಹಿಂಸೆ ಸೋತವರ ಭಾಷೆ. ಅದು ನಮಗೆ ಬೇಕಿಲ್ಲ.

ಫೆಬ್ರವರಿ 8, ಶನಿವಾರ

ಬಟ್ಟೆ ಒಗೆಯುವ ಕೋಣೆಯಲ್ಲಿ ಸಭೆ. ಇಪ್ಪತ್ಮೂರು ಜನ ಓಟಗಾರರು! ಒಣಗಿಸುವ ಯಂತ್ರಗಳ ಮೇಲೆಲ್ಲ ಹತ್ತಿ ಕೂತಿದ್ದರು, ಬೆಚ್ಚಗಿರುತ್ತದೆಂದು. ನಾನು ಯಾರ ಮುಂದೆಯೂ ಹೀಗೆ ಮಾತಾಡಿದವಳಲ್ಲ. ಗಡಿಯಾರ ತೆಗೆಯುವವರೆಗೆ ಒಂದು ಡಬ್ಬಿಯನ್ನೂ ಹೊರುವುದಿಲ್ಲ ಎಂದೆ. ಎಲ್ಲರೂ ಕೈಯೆತ್ತಿದರು.

ಡ್ವೇನ್ ಸ್ಕೋಗ್ ಎಂಬ ಭಾರೀ ಎತ್ತರದವನು, ಹಾಕಿ ತಂಡದಿಂದ ಹೊರಬಿದ್ದವನು, ಎದ್ದು ನಿಂತು, "ಗಡಿಯಾರ ತೆಗೀದಿದ್ರೆ ಕೋಲ್ಟನ್‌ನ ಮೂತಿ ತೆಗಿಯೋಣ" ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. "ಕೂತ್ಕೊಳೋ, ಇದು ಹಾಕಿ ಅಲ್ಲ" ಎಂದೆ. ಕೂತ.

ಒಂದನೇ ಕರಪತ್ರ ನಾನೇ ಬರೆದೆ. ನಿಯಮಗಳು: ಯಾರ ಮೈಮೇಲೂ ಕೈ ಮಾಡಬಾರದು. ಮೆಸ್ಸಿನ ಕೆಲಸದವರಿಗೆ ತೊಂದರೆ ಕೊಡಬಾರದು. ಕಾಯಿಲೆ ತಟ್ಟೆಯನ್ನು ಮುಟ್ಟಬಾರದು.

ಕಾಯಿಲೆ ತಟ್ಟೆಯ ಮಾತನ್ನು ಹಾಕಲೇಬೇಕೆಂದವಳು ಮರೀಬೆಲ್. ಈ ಕಾಲೇಜಿನಲ್ಲಿ ಟ್ರಾಟ್ ಹುಟ್ಟುವುದಕ್ಕೆ ಎಷ್ಟೋ ಮೊದಲಿಂದ ಅದು ನಡೆದುಬಂದಿದೆ. ಜ್ವರ ಬಂದು ಮಲಗಿದವರ ಊಟದ ಕಾರ್ಡನ್ನೂ ಮಹಡಿಯ ಮೇಲ್ವಿಚಾರಕರ ಸಹಿಯ ಚೀಟಿಯನ್ನೂ ಪಕ್ಕದ ಕೋಣೆಯವರು ಒಯ್ದರೆ, ಮೆಸ್ಸಿನ ಬಾಗಿಲಲ್ಲಿ ಕೂರುವ ಮಿಸ್ ಲವೋನ್ ತಾನೇ ಎದ್ದುಹೋಗಿ ತಿಳಿಸಾರು, ಉಪ್ಪು ಬಿಸ್ಕತ್ತು, ಜೆಲ್ಲಿ ತುಂಬಿಕೊಡುತ್ತಾಳೆ. ಹಸಿರು ಡಬ್ಬಿಯಲ್ಲೇ. ಒಯ್ಯುವವರಿಗೆ ಕಾಸಿಲ್ಲ, ಸ್ಟಾರಿಲ್ಲ.

"ನೀನು ಕನಸು ಕಾಣ್ತಿರೋ ಸಮಾಜ ಇದೇ ಕಣೇ," ಎಂದಳು ಮರೀಬೆಲ್, ಸ ಬಂದಲ್ಲೆಲ್ಲ ಸೀಟಿ ಹೊಡೆಯುತ್ತ. "ಜೆಲ್ಲಿ ರೂಪದಲ್ಲಿ ಆಗ್ಲೇ ಬಂದ್ಬಿಟ್ಟಿದೆ."

ಫೆಬ್ರವರಿ 12, ಬುಧವಾರ

ಮೊದಲ ದಿನ. ಜಯ, ಜಯ, ಜಯ.

ಹನ್ನೆರಡು ಗಂಟೆಗೆ ಟ್ರಾಟ್ ತೆರೆದರೆ ತೊಂಬತ್ತು ಆರ್ಡರ್, ಓಟಗಾರ ಒಬ್ಬನೂ ಇಲ್ಲ. ಸೋಮಾರಿಗಳೆಲ್ಲ ಮಲಗುವ ಬಟ್ಟೆಯ ಮೇಲೆ ಕೋಟು ಹಾಕಿಕೊಂಡು ಮೆಸ್ಸಿಗೆ ನಡೆದು ಬಂದರು. ಸಾಲು ಬಾಗಿಲಿನಿಂದ ಹೊರಗೆ ಸೈಕಲ್ ಸ್ಟ್ಯಾಂಡಿನ ತನಕ. ಮಿಸ್ ಲವೋನ್ ಕಾರ್ಡ್ ಉಜ್ಜುತ್ತ, "ಬಾ ಮಗಾ ಬಾ, ನಿನ್ನ ಮುಖ ನೋಡಿ ಎರಡು ವರ್ಷ ಆಯ್ತು. ಗಡ್ಡ ಬಂದ್ಬಿಟ್ಟಿದೆ" ಎಂದು ಒಬ್ಬೊಬ್ಬರನ್ನೂ ಛೇಡಿಸುತ್ತಿದ್ದಳು.

ನಮ್ಮ ಮಹಡಿಯ ಫೆಂಗ್ ಲೋರ್ ಬಂದ. ಮೊದಲ ವರ್ಷದ ಹುಡುಗ, ದಪ್ಪ ಕನ್ನಡಕ, ಗೋಡೆಗೆ ಒರಗಿ ನಡೆಯುವವನು. "ನಾನು ಓಡೋನಲ್ಲ. ಆದ್ರೂ ಸಹಿ ಹಾಕ್ಬಹುದಾ?" ಎಂದ. ಹಾಕಿಸಿಕೊಂಡೆ. ತೋಳಿಗೆ ಹಸಿರು ಪಟ್ಟಿ ಕಟ್ಟಿಕೊಟ್ಟೆ. ಕಿವಿಯವರೆಗೂ ಕೆಂಪಾದ.

ಈ ಹುಡುಗನಂಥವರಿಗಾಗಿಯೇ ನಾವು ಹೋರಾಡುತ್ತಿರುವುದು.

ಫೆಬ್ರವರಿ 15, ಶನಿವಾರ

ಕೋಲ್ಟನ್ ಹೊಸಬರನ್ನು ಇಳಿಸಿದ್ದಾನೆ. ಅವನಿರುವ ಹುಡುಗರ ಸಂಘದ ಮನೆಗೆ ಹೊಸದಾಗಿ ಸೇರಿದ ಮರಿಗಳು. ಹದಿನೈದೋ ಇಪ್ಪತ್ತೋ. ಅಜ್ಜನ ಕರಪತ್ರಗಳಲ್ಲಿ ಇಂಥವರಿಗೆ ಮುಷ್ಕರ ಮುರುಕರು ಎಂದಿದೆ. ಸರಿಯಾದ ಹೆಸರು.

ಮೆಸ್ಸಿನ ಬಾಗಿಲಲ್ಲಿ ನಿಂತು ಕರಪತ್ರ ಹಂಚಿದೆವು. ಒಬ್ಬ ಅದನ್ನು ತೆಗೆದುಕೊಂಡು ಅದರಲ್ಲೇ ಮೂಗು ಒರೆಸಿದ. "ಅಕ್ಕಾ, ಇನ್ನೊಂದು ಕೊಡಿ, ನೆಗಡಿ ಜಾಸ್ತಿಯಿದೆ" ಎಂದ. ಡ್ವೇನ್ ಅವನ ಕೈಯಲ್ಲಿದ್ದ ಡಬ್ಬಿಯನ್ನು ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ಹೊಡೆದ. ಬಿಸಿ ಟೊಮೆಟೊ ಸೂಪು ಅವನ ಗದ್ದ, ಕುತ್ತಿಗೆ, ಬಿಳಿ ಜಾಕೆಟ್ಟು. ಅವನು ಕಿರುಚಿಕೊಂಡು ಹಿಮದಲ್ಲಿ ಮುಖ ಒತ್ತಿಕೊಂಡ.

ಡ್ವೇನ್‌ಗೆ ಬುದ್ಧಿ ಹೇಳಿದೆ. ಆದರೆ ಹೊಡೆದದ್ದು ಡಬ್ಬಿಗೆ, ಮನುಷ್ಯನಿಗಲ್ಲ. ವ್ಯತ್ಯಾಸವಿದೆ. ಎರಡನೇ ಕರಪತ್ರದಲ್ಲಿ ಅದನ್ನು ಸ್ಪಷ್ಟಪಡಿಸಿದ್ದೇನೆ.

ಫೆಬ್ರವರಿ 18, ಮಂಗಳವಾರ

ಉಪಾಯ ನನ್ನದು. ಹಾಗೆಂದು ಹೆಮ್ಮೆಯಿಂದಲೇ ಬರೆಯುತ್ತೇನೆ.

ಟ್ರಾಟ್‌ನಲ್ಲಿ ಆರ್ಡರ್ ಹಾಕುವವರು ಯಾರೆಂದು ಓಟಗಾರನಿಗೆ ಕಾಣುವುದಿಲ್ಲ, ಜಾಗ ಮಾತ್ರ ಕಾಣುತ್ತದೆ. ಹೊಸ ಹೆಸರಲ್ಲಿ ಸೇರಿಕೊಂಡು ಸರೋವರದ ದೋಣಿಮನೆಗೆ ಆರ್ಡರ್ ಹಾಕಿದೆವು. ಚಳಿಗಾಲದಲ್ಲಿ ವಾರದ ನಡುವೆ ಅಲ್ಲಿ ನರಪಿಳ್ಳೆ ಇರುವುದಿಲ್ಲ. ನಾವು ನಾಲ್ವರು ಮುಖಕ್ಕೆ ಉಣ್ಣೆ ಸುತ್ತಿಕೊಂಡು ಕಾದೆವು. ಒಬ್ಬೊಬ್ಬ ಮುರುಕ ಬಂದಂತೆ ಫೋನು ಕಸಿದುಕೊಂಡು, ವಾರಾಂತ್ಯದಲ್ಲಿ ಮೀನು ಹಿಡಿಯುವವರು ಮಂಜುಗಡ್ಡೆಯಲ್ಲಿ ಕೊರೆದಿದ್ದ ತೂತಿಗೆ ಹಾಕಿದೆವು. ಬುಳಕ್. ಫೋನಿಲ್ಲದ ಓಟಗಾರ ಓಟಗಾರನೇ ಅಲ್ಲ. ಎಷ್ಟು ಸರಳ!

ನಾಲ್ಕನೆಯವನು ಕೆಂಪು ಟೋಪಿಯವನು. ಫೋನು ಬಿಡಲಿಲ್ಲ. ಡ್ವೇನ್‌ನ ತೊಡೆಗೆ ಒದ್ದ. ಡ್ವೇನ್ ಅವನ ಮುಖಕ್ಕೆ ಹಣೆಯಿಂದ ಗುದ್ದಿದ. ಮೂಗಿನ ಎಲುಬು ಒಣ ಕಡ್ಡಿಯಂತೆ ಲಟಕ್ಕೆಂದಿತು. ಬಿದ್ದ ಮೇಲೂ ಫೋನನ್ನು ಎದೆಗೆ ಒತ್ತಿ ಹಿಡಿದಿದ್ದ. ಬೆರಳು ಬಿಡಿಸಲಾಗಲಿಲ್ಲ. ನಾನು ಅವನ ಕೈಯ ಮೇಲೆ ಬೂಟು ಇಟ್ಟೆ. ಇಟ್ಟೆ ಎಂದರೆ, ತುಳಿದೆ. ಮೂರು ಸಲ. ಮೂರನೆಯದಕ್ಕೆ ಬಿಟ್ಟ.

"ಅಮ್ಮಂಗೆ ಫೋನ್ ಮಾಡ್ಬೇಕು ನಾನು, ಅಮ್ಮಂಗೆ" ಎಂದು ಅಳುತ್ತಿದ್ದ.

"ಕಾಗದ ಬರಿಯೋ" ಎಂದ ಡ್ವೇನ್. ನಕ್ಕೆವು. ನಾನೂ ನಕ್ಕೆ.

ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಫೆಬ್ರವರಿ 19

ಮರೀಬೆಲ್ ನನ್ನ ಬೂಟನ್ನು ನೋಡಿದಳು. ಹಿಮ್ಮಡಿಯಲ್ಲಿ ರಕ್ತ ಒಣಗಿತ್ತು.

"ಯಾರದ್ದೇ ಇದು?"

"ಮುರುಕನದು."

"ಅವನಿಗೆ ಹೆಸರಿಲ್ವಾ?"

"ಹಲ್ಲು ಕಳ್ಕೊಂಡೋಳು ನೀನು! ನಿನಗಾಗಿ ಮಾಡ್ತಿರೋದು!"

"ನನ್ನ ಮೂರು ಹಲ್ಲಿನ ಹೆಸರು ಹೇಳ್ಕೊಂಡು ಇನ್ನೆಷ್ಟು ಜನರ ಹಲ್ಲು ಉದುರಿಸ್ತೀಯಾ ಸಿಲ್? ಲೆಕ್ಕ ಹೇಳು, ಡಬ್ಬ ತರ್ತೀನಿ."

ಅವಳ ಎಡಗೆನ್ನೆ ಊದಿದೆ. ಮುನಿಸಿಕೊಂಡರೆ ಅವಳು ಕೆನ್ನೆ ಊದಿಸಿಕೊಳ್ಳುತ್ತಾಳೆ. ಗಂಜಿಯನ್ನೂ ಮುಟ್ಟಿಲ್ಲ. ಇರಲಿ.

ಫೆಬ್ರವರಿ 21, ಶುಕ್ರವಾರ

ಕೋಲ್ಟನ್ ಹೆದರಿದ್ದಾನೆ. ಹನ್ನೊಂದು ನಿಮಿಷವನ್ನು ಹದಿನೆಂಟು ಮಾಡುತ್ತೇನೆಂದು ಹೇಳಿಕಳಿಸಿದ.

ಸಭೆಗೆ ಬಂದವರು ಹದಿನೇಳು ಜನ. "ಹದಿನೆಂಟು ಸಾಕಲ್ವಾ? ನಡ್ಕೊಂಡೇ ಹೋಗ್ಬಹುದು" ಎಂದು ಯಾರೋ ಗೊಣಗಿದರು. ಮರೀಬೆಲ್ ಕಂಬಳಿ ಹೊದ್ದು ಬಂದು ಯಂತ್ರಕ್ಕೆ ಒರಗಿ ನಿಂತಿದ್ದಳು. "ಒಪ್ಕೊಳೋಣ" ಎಂದಳು. "ಬಿದ್ದೋಳು ನಾನು. ನಂಗೆ ಸಾಕು." ಹನ್ನೊಂದು ಕೈಗಳು ಮೇಲೆದ್ದವು.

ಹದಿನೆಂಟು ನಿಮಿಷದ ಗಡಿಯಾರವೂ ಗಡಿಯಾರವೇ. ಉದ್ದದ ಸರಪಳಿಯೂ ಸರಪಳಿಯೇ. ಅದನ್ನೇ ಹೇಳಿದೆ, ಅರ್ಧ ಗಂಟೆ ಹೇಳಿದೆ. ಮತ ಎಣಿಸುವುದು ಮಾಲೀಕರ ಆಟ, ಹೋರಾಟಕ್ಕೆ ಎಣಿಕೆ ಇಲ್ಲ ಎಂದೆ. ಡ್ವೇನ್ ಬಾಗಿಲಿಗೆ ಅಡ್ಡ ನಿಂತ. ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಮರೀಬೆಲ್‌ಳದು ಇಳಿಯಲಿಲ್ಲ. ಪ್ಲಾಸ್ಟರ್ ಹಾಕಿದ ಕೈಯನ್ನೇ ಎತ್ತಿದ್ದಳು, ಬೇಕೆಂದೇ.

ಹನ್ನೊಂದು ಜನರ ಹೆಸರನ್ನು ಈ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ.

ಫೆಬ್ರವರಿ 22

ಮುರುಕರು ಈಗ ಸುಳ್ಳು ಚೀಟಿ ಮಾಡಿಸಿಕೊಂಡು ಕಾಯಿಲೆ ತಟ್ಟೆಯೆಂದು ಆರ್ಡರ್ ಸಾಗಿಸುತ್ತಿದ್ದಾರಂತೆ. ಡ್ವೇನ್ ಹೇಳಿದ. ಕಣ್ಣಾರೆ ಕಂಡೆಯಾ ಎಂದರೆ, "ಎಲ್ರೂ ಹೇಳ್ತಿದಾರೆ" ಎಂದ. ಎಲ್ಲರೂ ಹೇಳುತ್ತಿದ್ದರೆ ನಿಜವೇ ಇರಬೇಕು. ನಿನ್ನೆ ಒಂದೇ ದಿನ ಒಂಬತ್ತು ತಟ್ಟೆ ಹೋದವಂತೆ. ಒಂದೇ ದಿನ ಒಂಬತ್ತು ಜನಕ್ಕೆ ಜ್ವರವೇ?

ಆರನೇ ಕರಪತ್ರ, ಎರಡೇ ಸಾಲು: 'ಹಸಿರು ಡಬ್ಬಿ ಹಿಡಿದ ಪ್ರತಿಯೊಬ್ಬನೂ ಮುರುಕ. ಚೀಟಿಗೆ ಮೋಸಹೋಗಬೇಡಿ.' ಇಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿಲ್ಲ. ಮೊದಲ ಕರಪತ್ರ ಎರಡು ಪುಟವಿತ್ತು, ಯಾರೂ ಓದಲಿಲ್ಲ.

ಮಿಸ್ ಲವೋನ್ ಅದನ್ನು ಓದಿ ನಾಲ್ಕು ಮಡಿಕೆ ಮಡಿಸಿ ನನಗೇ ವಾಪಸು ಕೊಟ್ಟಳು. "ಮೂವತ್ತು ವರ್ಷದಿಂದ ಈ ತಟ್ಟೆ ಕಟ್ತಿದೀನಿ ಮಗಳೇ. ಯಾರಿಗೆ ಜ್ವರ, ಯಾರಿಗೆ ನಾಟಕ ಅಂತ ನಂಗೆ ನೀನು ಹೇಳ್ಕೊಡ್ಬೇಡ" ಎಂದಳು. ಅವಳೂ ಸಂಬಳದವಳೇ. ಆದರೂ ಮಾಲೀಕನ ಕಡೆ ನಿಲ್ಲುತ್ತಾಳೆ. ಇಂಥವರ ಬಗ್ಗೆ ಕರಪತ್ರಗಳಲ್ಲಿ ಎಚ್ಚರಿಕೆ ಇದೆ.

ಫೆಬ್ರವರಿ 23

ಮರೀಬೆಲ್ ಇಡೀ ದಿನ ಮಲಗಿದ್ದಾಳೆ. ಗೋಡೆಗೆ ಮುಖ. ನೀರು ಕೇಳಿದಳು, ಕೊಟ್ಟೆ. ಕೊಡಲಿಲ್ಲವೆಂದು ಯಾರೂ ಹೇಳಬಾರದು.

"ಕೋಣೆ ಸೆಖೆಯಲ್ವಾ?" ಎಂದಳು. ಕಿಟಕಿಯ ಒಳಗಡೆ ಮಂಜು ಕಟ್ಟಿತ್ತು.

ನಾಳೆ ದೊಡ್ಡ ದಿನ. ಸೇತುವೆ ಹಿಡಿಯುತ್ತೇವೆ.

ಫೆಬ್ರವರಿ 24, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೆಸ್ಸಿನಿಂದ ಹಾಸ್ಟೆಲುಗಳಿಗೆ ಹೋಗಲು ತೊರೆಯ ಮೇಲಿನ ಕಾಲುಸೇತುವೆ ದಾಟಲೇಬೇಕು. ಹನ್ನೊಂದೂವರೆಯಿಂದ ನಾವು ಐವರು ಅಲ್ಲಿದ್ದೆವು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ನನ್ನ ಕೈಯಲ್ಲಿ ಸೈಕಲ್ಲಿನ ಬೀಗವಿತ್ತು, ಕೊಕ್ಕೆಯಂತೆ ಬಾಗಿದ ಉಕ್ಕಿನದು. ಹೆದರಿಸಲು ಮಾತ್ರ. ಮೊದಲ ಇಬ್ಬರು ನಮ್ಮನ್ನು ಕಂಡೇ ಡಬ್ಬಿ ಬಿಸಾಡಿ ಓಡಿದರು. ಮೂರನೆಯವನು ಓಡಲಿಲ್ಲ. ನಮ್ಮ ಕಡೆಗೇ ಬಂದ, ಬೇಗ ಬೇಗ, ಡಬ್ಬಿಯನ್ನು ಎರಡು ಕೈಯಿಂದ ಎದೆಗಾನಿಸಿಕೊಂಡು. ಕೋಟಿನ ಟೋಪಿ ಹುಬ್ಬಿನವರೆಗೆ, ಮಫ್ಲರ್ ಮೂಗಿನವರೆಗೆ.

"ದಾರಿ ಬಿಡಿ, ಆರೋಗುತ್ತೆ" ಎಂದ. "ಕಾಯಿಲೆ ತಟ್ಟೆ ಇದು. ಚೀಟಿ ಇದೆ, ನೋಡಿ."

ಚೀಟಿ ಚಾಚಿದ. ನಾನು ತೆಗೆದುಕೊಂಡು ನಾಲ್ಕು ಚೂರು ಮಾಡಿ ತೊರೆಗೆ ಹಾಕಿದೆ. ಓದಲಿಲ್ಲ. ಓದುವ ಅಗತ್ಯವಿರಲಿಲ್ಲ, ಆರನೇ ಕರಪತ್ರದಲ್ಲಿ ಸ್ಪಷ್ಟವಾಗಿ ಹೇಳಿಯಾಗಿತ್ತು.

ಡ್ವೇನ್ ಡಬ್ಬಿಗೆ ಕೈ ಹಾಕಿದ. ಅವನು ಬಿಡಲಿಲ್ಲ. ಡ್ವೇನ್ ಹೊಟ್ಟೆಗೆ ಗುದ್ದಿದ. ಅವನು ಎರಡು ಮಡಿಕೆಯಾದ, ಡಬ್ಬಿ ಬಿಡಲಿಲ್ಲ. ಯಾರೋ ಕಾಲು ಕೊಟ್ಟು ಬೀಳಿಸಿದರು. ಅವನು ಡಬ್ಬಿಯ ಮೇಲೆ ಕವುಚಿ ಮಲಗಿದ, ಮಗುವನ್ನು ಕಾಯುವವನಂತೆ. ಪಕ್ಕೆಗೆ ಒದ್ದೆವು. ಪ್ರತಿ ಒದೆತಕ್ಕೂ ಹಲಗೆಗಳು ಢಣ್ ಢಣ್ ಎನ್ನುತ್ತಿದ್ದವು. ಅವನು ತಲೆಯೆತ್ತಿ ನನ್ನ ಕಣ್ಣುಗಳನ್ನೇ ನೋಡಿದ.

"ಸಿಲ್ಯಾ? ನಾನು ಕಣಕ್ಕಾ, ನಾನು—"

ಹೆಸರು ಕರೆದ. ನನ್ನ ಮುಖಕ್ಕೆ ಉಣ್ಣೆ ಸುತ್ತಿತ್ತು, ಆದರೂ ಗುರುತು ಹಿಡಿದ. ಗುರುತು ಹಿಡಿದವನು ಎಲ್ಲರಿಗಿಂತ ಅಪಾಯ ಎಂದು ಆ ಕ್ಷಣ ಹೊಳೆಯಿತು. ಬೀಗ ಬೀಸಿದೆ. ಎಡಗಣ್ಣಿನ ಮೇಲೆ ಬಿತ್ತು. ಕನ್ನಡಕದ ಗಾಜು ಒಳಗೆ ಹೋಯಿತು. ಒಳಗೆ ಎಂದರೆ ಕಣ್ಣಿನೊಳಗೆ. ಅವನು ಕಿರುಚಲಿಲ್ಲ. ನಾಯಿಮರಿ ಕುಂಯ್‌ಗುಟ್ಟುವಂಥ ಒಂದು ಸದ್ದು, ಉಸಿರು ಎಳೆದುಕೊಂಡಾಗಲೆಲ್ಲ. ಕೈಯಿಂದ ಮುಖ ಮುಚ್ಚಿಕೊಂಡಾಗ ಬೆರಳ ಸಂದಿಯಿಂದ ಇಳಿದದ್ದು ರಕ್ತ ಮಾತ್ರವಾಗಿರಲಿಲ್ಲ.

ಮಫ್ಲರ್ ಜಾರಿತ್ತು. ಫೆಂಗ್ ಲೋರ್.

ಡಬ್ಬಿ ತೆರೆದುಕೊಂಡಿತ್ತು. ತಿಳಿಸಾರು ಹಲಗೆಯ ಮೇಲೆ ಆಗಲೇ ಗಟ್ಟಿಯಾಗುತ್ತಿತ್ತು. ಉಪ್ಪು ಬಿಸ್ಕತ್ತು. ಕಿತ್ತಳೆ ಬಣ್ಣದ ಜೆಲ್ಲಿ ಹಿಮದ ಮೇಲೆ ಇನ್ನೂ ಅಲುಗುತ್ತಿತ್ತು.

ಓಡಿದೆವು. ಇವತ್ತು ಡ್ವೇನ್‌ನ ಕೋಣೆಯಲ್ಲಿ ಮಲಗುತ್ತೇನೆ. ಬೀಗವನ್ನು ಸ್ನಾನದ ಮನೆಯಲ್ಲಿ ತೊಳೆದೆ. ಸೈಕಲ್ಲಿಗೆ ಬೇಕಾಗುತ್ತದೆ.

ಫೆಂಗ್ ಸಹಿ ಹಾಕಿದವನು. ಸಹಿ ಹಾಕಿಯೂ ಡಬ್ಬಿ ಹೊತ್ತ. ಇದು ದ್ರೋಹವಲ್ಲದಿದ್ದರೆ ಇನ್ನೇನು?

ಫೆಬ್ರವರಿ 25

ಡ್ವೇನ್ ಸೇತುವೆಯ ಮೇಲೆ ಬಿದ್ದಿದ್ದ ಕಾರ್ಡನ್ನು ಎತ್ತಿಕೊಂಡು ಬಂದಿದ್ದ, ಬೆಳಿಗ್ಗೆ ಕೊಟ್ಟ. ಕಾಯಿಲೆಯವರ ಕಾರ್ಡು. ಮರೀಬೆಲ್‌ಳದು.

ಫೆಬ್ರವರಿ 26, ಬುಧವಾರ

ಗೆದ್ದೆವು!

ಮಧ್ಯಾಹ್ನ ಎರಡು ಗಂಟೆಗೆ ಎಲ್ಲರ ಫೋನಿಗೂ ಬಂತು. ಟ್ರಾಟ್‌ನಲ್ಲಿ ಇನ್ನು ಗಡಿಯಾರವಿಲ್ಲ. ಹದಿನೆಂಟೂ ಇಲ್ಲ, ಏನೂ ಇಲ್ಲ. ಹನ್ನೊಂದು ಜನ ಕೈಯೆತ್ತಿದ್ದ ಆ ದಿನ ನಾನು ಬಗ್ಗಿದ್ದರೆ ಇದು ಆಗುತ್ತಿತ್ತೇ?

ಕೋಲ್ಟನ್ ಸಾಮಾನು ಕಟ್ಟಿಕೊಂಡು ಊರಿಗೆ ಹೋದನಂತೆ. ಅವನ ಕೋಣೆಯ ಬಾಗಿಲಿಗೆ ಯಾರೋ ರಕ್ತದ ಬಣ್ಣ ಬಳಿದಿದ್ದರು. ನಾನಲ್ಲ. ಬಳಿದವರು ಚೆನ್ನಾಗಿಯೇ ಬಳಿದಿದ್ದರು.

ಏಳನೇ ಕರಪತ್ರ, ಒಂದೇ ಪದ. ವಿಜಯೋತ್ಸವಕ್ಕೆ ಬಟ್ಟೆ ಒಗೆಯುವ ಕೋಣೆಗೆ ಎಲ್ಲರನ್ನೂ ಕರೆದಿದ್ದೆ. ಮೂವರು ಬಂದರು, ನನ್ನನ್ನೂ ಸೇರಿಸಿ. ಜನ ಗೆದ್ದ ಮೇಲೆ ಮನೆಗೆ ಹೋಗುತ್ತಾರೆ, ಸಹಜ. ಡ್ವೇನ್ ಕೇಕು ತಂದಿದ್ದ. ಯಂತ್ರದೊಳಗೆ ಯಾರದೋ ಬಟ್ಟೆ ತಿರುಗುತ್ತಿತ್ತು. ಅದನ್ನು ತೆಗೆದುಕೊಳ್ಳಲು ಬಂದ ಹುಡುಗಿ ನಮ್ಮನ್ನು ಕಂಡು ಬಟ್ಟೆ ಬಿಟ್ಟು ಹೋದಳು.

ಫೆಬ್ರವರಿ 28

ಷೆರಿಫ್‌ನ ಪೊಲೀಸರು ಮಹಡಿ ಮಹಡಿಗೂ ಬಂದು ಕೇಳುತ್ತಿದ್ದಾರೆ. ಯಾರೂ ಬಾಯಿ ಬಿಟ್ಟಿಲ್ಲ. ಫೆಂಗ್ ದೊಡ್ಡ ಊರಿನ ಆಸ್ಪತ್ರೆಯಲ್ಲಿದ್ದಾನೆ. ಕಣ್ಣು ತೆಗೆದರಂತೆ. ಯಾರು ಹೊಡೆದರೆಂದು ನೆನಪಿಲ್ಲ ಎಂದಿದ್ದಾನೆ. ನನಗೆ ಎದೆ ತುಂಬಿ ಬಂತು. ಕೊನೆಗೂ ಅವನಿಗೆ ಹೋರಾಟ ಅರ್ಥವಾಗಿದೆ.

ಮರೀಬೆಲ್ ಕೂಡ ಅದೇ ಆಸ್ಪತ್ರೆಯಲ್ಲಿದ್ದಾಳೆ. ಮುರಿದ ಹಲ್ಲಿನ ಬೇರಿನಲ್ಲಿ ಕೀವಾಗಿ ದವಡೆಗೆ ಇಳಿದಿತ್ತಂತೆ. ಸೋಮವಾರ ಸಂಜೆ ಮಹಡಿಯ ಮೇಲ್ವಿಚಾರಕಿ ಬಾಗಿಲು ಒಡೆದು ನೋಡಿದಾಗ ಎಚ್ಚರವಿರಲಿಲ್ಲ. ಇನ್ನೊಂದು ದಿನ ತಡವಾಗಿದ್ದರೆ ಎಂದು ಎಲ್ಲರೂ ನನ್ನ ಕಡೆ ನೋಡಿ ಹೇಳುತ್ತಾರೆ. ನಾನು ವೈದ್ಯಳೇ?

ಮಾರ್ಚ್ 2, ಭಾನುವಾರ

ಮರೀಬೆಲ್ ಬಂದಳು. ಅರ್ಧ ಮುಖಕ್ಕೆ ಪಟ್ಟಿ, ತೂಕ ಇಳಿದಿದೆ. ತನ್ನ ಹಾಸಿಗೆಯ ಮೇಲೆ ಕೂತಳು. ನನ್ನ ಮೇಜಿನ ಮೇಲೆ ಅವಳ ಕಾರ್ಡು ಇತ್ತು. ಎತ್ತಿಡಬೇಕೆಂದು ನನಗೆ ಹೊಳೆದೇ ಇರಲಿಲ್ಲ.

"ಆಸ್ಪತ್ರೆಯಲ್ಲಿ ಫೆಂಗ್ ನನ್ನ ಪಕ್ಕದ ವಾರ್ಡು" ಎಂದಳು.

"ಹೇಗಿದ್ದಾನೆ?"

"ಒಂದು ಕಣ್ಣಲ್ಲಿ ಅಳೋದು ಕಷ್ಟ ಅಂತಿದ್ದ. ನಾನು ಮೂರು ಹಲ್ಲಿಲ್ದೆ ನಗೋದು ಸುಲಭ ಅಂದೆ." ನಗಲಿಲ್ಲ. "ಅವನು ನಿನ್ನ ಹೆಸರು ಹೇಳಲ್ಲ ಸಿಲ್. ನಿನ್ನ ಕಂಡ್ರೆ ಭಯ ಅವನಿಗೆ."

"ಭಯ ಅಲ್ಲ. ನಿಷ್ಠೆ."

"ಭಯ ಕಣೇ. ಬಾಗಿಲು ಸದ್ದಾದ್ರೆ ಹೊದಿಕೆ ಮುಖಕ್ಕೆ ಎಳ್ಕೋತಾನೆ. ನಂಗೆ ಮಾತ್ರ ಹೇಳಿದಾನೆ." ಕಾರ್ಡನ್ನು ಎತ್ತಿ ಜೇಬಿಗೆ ಹಾಕಿಕೊಂಡಳು. "ನಾಳೆ ಹತ್ತು ಗಂಟೆಗೆ ಡೀನ್ ಹತ್ರ ಹೋಗ್ತೀನಿ. ಅಷ್ಟ್ರೊಳಗೆ ನೀನೇ ಹೋಗಿ ಹೇಳಿದ್ರೆ ನಾನು ನಿನ್ನ ಪಕ್ಕದಲ್ಲಿ ಕೂತ್ಕೋತೀನಿ. ಜೈಲಿಗೆ ಹಾಕಿದ್ರೂ ಬಂದು ನೋಡ್ತೀನಿ. ನೀನು ಹೋಗದಿದ್ರೆ ನಾನೇ ಹೇಳ್ತೀನಿ. ಹೇಳ್ದೇ ಇರಕ್ಕಾಗಲ್ಲ ನಂಗೆ."

"ನಿನಗಾಗಿ ಶುರು ಮಾಡಿದ್ದು ಮರೀಬೆಲ್."

"ಗೊತ್ತು. ಅದಕ್ಕೇ ಒಂದು ದಿನ ಕೊಡ್ತಿದೀನಿ."

ಈಗ ಮಲಗಿದ್ದಾಳೆ. ಬಾಯಿ ತೆರೆದಿದೆ, ಮೂರು ಹಲ್ಲಿನ ಜಾಗ ಕಪ್ಪಗೆ ಕಾಣುತ್ತದೆ. ಇವಳಿಗೆ ನಾನು ಏನು ತಾನೇ ಮಾಡಿಲ್ಲ! ಅಜ್ಜನ ಕರಪತ್ರಗಳಲ್ಲಿ ಹೊರಗಿನ ಶತ್ರುವಿನ ಬಗ್ಗೆ ಒಂದು ಪುಟವಿದ್ದರೆ ಒಳಗಿನವರ ಬಗ್ಗೆ ಹತ್ತು ಪುಟವಿತ್ತು. ಆಗ ಅದು ಯಾಕೆಂದು ತಿಳಿದಿರಲಿಲ್ಲ.

ಇವಳು ಹೋಗಿ ಹೇಳಿದರೆ ನಾನು ಮಾತ್ರ ಹೋಗುವುದಿಲ್ಲ, ಗೆಲುವೂ ಹೋಗುತ್ತದೆ. ಗಡಿಯಾರ ವಾಪಸು ಬರುತ್ತದೆ. ಮತ್ತೆ ಯಾರೋ ಬೀಳುತ್ತಾರೆ. ಒಬ್ಬಳ ಮನಸ್ಸಾಕ್ಷಿಗಾಗಿ ಇಪ್ಪತ್ಮೂರು ಜನರ ಗೆಲುವನ್ನು ಬಲಿಕೊಡಲಾಗದು.

ಡ್ವೇನ್‌ಗೆ ಫೋನ್ ಮಾಡಿದೆ. ನಾಳೆ ಹತ್ತಕ್ಕೆ ಡೀನ್ ಹತ್ತಿರ ಹೋಗುತ್ತಾಳೆ, ದೋಣಿಮನೆಯ ದಾರಿಯಲ್ಲಿ ಎಂದೆ. ಅಷ್ಟೇ ಹೇಳಿದ್ದು.

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಒಂಬತ್ತೂ ಮುಕ್ಕಾಲು. ಈಗತಾನೇ ಹೋದಳು.

"ನಿರ್ಧಾರ ಮಾಡಿದ್ಯಾ?" ಎಂದು ಕೇಳಿದಳು. ಇಲ್ಲವೆಂದೆ. ಕೋಟು ತೊಟ್ಟಳು, ಪ್ಲಾಸ್ಟರಿನ ಕೈಯಲ್ಲಿ ಜಿಪ್ ಎಳೆಯಲಾಗಲಿಲ್ಲ. ನಾನು ಎದ್ದುಹೋಗಿ ಗದ್ದದವರೆಗೆ ಎಳೆದುಕೊಟ್ಟೆ. ಗಾಯದ ಪಟ್ಟಿಗೆ ತಾಗದಂತೆ ನಿಧಾನವಾಗಿ.

"ಮುಂದಿನ ದಾರಿ ಜಾರುತ್ತೆ" ಎಂದೆ. "ದೋಣಿಮನೆ ಕಡೆಯಿಂದ ಹೋಗು. ಅಲ್ಲಿ ಮರಳು ಹಾಕಿದಾರೆ."

"ಇದ್ದಕ್ಕಿದ್ದ ಹಾಗೆ ಏನೇ ಇಷ್ಟು ಪ್ರೀತಿ?" ಎಂದಳು. ಒಳ್ಳೆಯ ಕೈಯಿಂದ ನನ್ನ ಕತ್ತನ್ನು ಬಳಸಿ ಹಣೆಗೆ ಹಣೆ ತಾಗಿಸಿದಳು. ಔಷಧಿಯ ವಾಸನೆ. "ಬಾರೇ ಜೊತೆಗೆ. ಈಗ್ಲೂ ತಡ ಆಗಿಲ್ಲ."

"ಕರಪತ್ರ ಬರೆಯೋದಿದೆ" ಎಂದೆ.

ಕಿಟಕಿಯಿಂದ ಕಾಣುತ್ತದೆ. ದೋಣಿಮನೆಯ ದಾರಿಯನ್ನೇ ಹಿಡಿದಿದ್ದಾಳೆ. ನಿಧಾನವಾಗಿ, ಎರಡೂ ಕಾಲನ್ನು ಒತ್ತಿ ಒತ್ತಿ ಇಡುತ್ತ, ಅವಸರವೇ ಇಲ್ಲದವಳಂತೆ ನಡೆಯುತ್ತಿದ್ದಾಳೆ. ಡ್ವೇನ್ ಅವಳ ಜೊತೆ ಮಾತಾಡುತ್ತಾನೆ, ಅಷ್ಟೆ. ಮಾತಾಡಿ ಒಪ್ಪಿಸುತ್ತಾನೆ. ದೋಣಿಮನೆಯ ಹತ್ತಿರ ಅವನ ಜೊತೆಗೆ ಇನ್ನಿಬ್ಬರು ಯಾಕೆ ಬಂದಿದ್ದಾರೆಂದು ಗೊತ್ತಿಲ್ಲ.

ಮರಗಳ ಹಿಂದೆ ಹೋದಳು. ಇನ್ನು ಕಾಣುವುದಿಲ್ಲ.

ಮಾತು ಮಾತ್ರ ಎಂದು ಡ್ವೇನ್‌ಗೆ ಹೇಳಿದ್ದೆನೋ ಇಲ್ಲವೋ, ಈಗ ನೆನಪಾಗುತ್ತಿಲ್ಲ. ಹೇಳಿರಬೇಕು. ಹೇಳಿರುತ್ತೇನೆ.